ನಿಂಗವ್ವನಿಗೆ ಬರಬೇಕಾದ ಮುಯ್ಯಿ

ರಾಗಿ ಕಣಕ್ಕೆ ಬಂದಿತ್ತು. ಬೆಳಗಿನ ಇಬ್ಬನಿ ಆರುತ್ತಲೇ ಮೆದೆ ಕಿತ್ತು ಕಣದ ತುಂಬ ಹರಡಿ, ಒಕ್ಕುವ ಕಲ್ಲುಗುಂಡು ಕಟ್ಟಿ, ಎತ್ತುಗಳನ್ನು ಸುತ್ತಿಸುತ್ತಿದ್ದೆವು. ಆ ವರ್ಷ ನಮ್ಮೂರಿನ ಕಣಗಳಲ್ಲಿ ಆಳಿಗೆ ಕೊರತೆ ಇರಲಿಲ್ಲ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನಾವು ಮುಷ್ಕರ ಹೂಡಿದ ಮೇಲೆ ಕಾರ್ಖಾನೆಯ ಗೇಟು ತೆರೆದೇ ಇರಲಿಲ್ಲ. ತಗಡಿನಲ್ಲಿ ಕಾರಿನ ಬಾಗಿಲು ಒತ್ತುತ್ತಿದ್ದವರು, ಬೆಸುಗೆ ಹಾಕುತ್ತಿದ್ದವರು, ಬಣ್ಣ ಹೊಡೆಯುತ್ತಿದ್ದವರು ಎಲ್ಲರೂ ಕಂಪನಿ ಕೊಟ್ಟ ನೀಲಿ ಅಂಗಿಯಲ್ಲೇ ರಾಗಿ ತೂರುತ್ತಿದ್ದರು. ಇವತ್ತು ನಮ್ಮ ಕಣ, ನಾಳೆ ನಿಮ್ಮ ಕಣ. ಕೂಲಿ ಇಲ್ಲ, ಮುಯ್ಯಾಳು. ಬೇಲಿ ಸಾಲಿನ ಅವರೆ ಗಿಡದ ಸೊಗಡು, ಎದ್ದ ಹೊಟ್ಟಿನ ಧೂಳು, ಅದರ ನಡುವೆ ನಿಂತು ನಾವು ಆಗಾಗ ಕಾರ್ಖಾನೆಯ ಕಡೆ ತಿರುಗಿ ನೋಡುತ್ತಿದ್ದೆವು. ಗೇಟಿನ ಮುಂದೆ ಉದ್ದನೆಯ ಲಾರಿಗಳು ಬಂದು ನಿಂತಿದ್ದವು. ಸಂಕ್ರಾಂತಿಯೊಳಗೆ ಕೆಲಸ ಶುರುವಾಗದಿದ್ದರೆ ಪ್ರೆಸ್ಸಿನ ಅಚ್ಚುಗಳನ್ನೆಲ್ಲ ಆ ಲಾರಿಗಳಿಗೆ ಏರಿಸಿ ಬೇರೆ ಊರಿಗೆ ಸಾಗಿಸುತ್ತೇವೆಂದು ಕಂಪನಿ ಹೇಳಿಕಳಿಸಿತ್ತು.

ನಮ್ಮಲ್ಲಿ ಮುಯ್ಯಿ ಕೆಲಸಕ್ಕೆ ಮಾತ್ರ ಅಲ್ಲ, ನೋವಿಗೂ ಉಂಟು. ಮದುವೆ ಮನೆಯ ಯಜಮಾನನಿಗೆ ಹಲ್ಲುನೋವು ಬಂದರೆ ನೆರೆಯವನೊಬ್ಬ ಅವನ ಮಣಿಕಟ್ಟು ಹಿಡಿದು 'ನನಗಿರಲಿ' ಅನ್ನುತ್ತಾನೆ. ನೋವು ಈಚೆಗೆ ಬರುತ್ತದೆ. ಹೊತ್ತು ಮುಳುಗುವ ತನಕ ಹೊತ್ತವನದು, ರಾತ್ರಿ ಹೊತ್ತರೆ ಹೊತ್ತು ಮೂಡುವ ತನಕ. ಆಮೇಲೆ ತಾನಾಗಿ ಯಜಮಾನನಿಗೆ ಹಿಂತಿರುಗುತ್ತದೆ. ಗಾಯ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅದು ಯಾರದೋ ಅವರದೇ. ಹೆರಿಗೆಯ ಮನೆಯಲ್ಲಿ ಓರಗಿತ್ತಿಯರು ಸರದಿಯ ಮೇಲೆ ಹೊರುತ್ತಾರೆ. ಹೊತ್ತವರ ನೋವನ್ನು ಮುಂದೊಂದು ದಿನ ಹೊತ್ತು ತೀರಿಸಬೇಕು. ತೀರಿದ ದಿನ, ಮುಯ್ಯಿ ಬರಬೇಕಾಗಿದ್ದವನು ತೀರಿಸಿದವನ ಕೈಮೇಲೆ ಚೊಂಬಿನಲ್ಲಿ ನೀರು ಹಾಕಿ 'ತೀರ್ತು' ಅಂದರೆ ಅಲ್ಲಿಗೆ ಆಯಿತು.

ಕಂಪನಿಯವರು ಬಂದ ಹೊಸದರಲ್ಲಿ ಇದನ್ನು ನೋಡಿ ನಕ್ಕಿದ್ದರಂತೆ. ಆಮೇಲೆ ಗೇಟಿನ ಪಕ್ಕದಲ್ಲಿ ತಗಡಿನ ಚಪ್ಪರ ಹಾಕಿಸಿ ಬೆಂಚು ಇಡಿಸಿದರು. ಬೆಸುಗೆಯ ಬೆಳಕಿಗೆ ಕಣ್ಣು ಉರಿ ಹತ್ತಿದವನ ಹೆಂಡತಿ ಬಂದು ಆ ಬೆಂಚಿನ ಮೇಲೆ ಕೂತು ಉರಿಯನ್ನು ಹೊರುತ್ತಿದ್ದಳು. ಅವನು ಒಳಗೆ ಹೋಗಿ ಶಿಫ್ಟು ಮುಗಿಸುತ್ತಿದ್ದ. ಸೊಂಟ ಹಿಡಿದವನ ಅಪ್ಪ ಬರುತ್ತಿದ್ದ. ಬೆಂಚಿನವರಿಗೆ ದಿನಕ್ಕೆ ಎರಡು ಸಲ ಕ್ಯಾಂಟೀನಿನ ಟೀ. ಊರಿಗೆ ಇದೊಂದು ಉಪಕಾರವೆಂದೇ ನಾವೂ ತಿಳಿದಿದ್ದೆವು.

ಬೋರಲಿಂಗ ನನ್ನ ಪಕ್ಕದ ಪ್ರೆಸ್ಸಿನವನು. ಒಂದೇ ಕೇರಿ, ಒಂದೇ ವಾರಿಗೆ. ಮಾತು ಕಡಿಮೆ, ಕೆಲಸದಲ್ಲಿ ಮೈಗಳ್ಳತನವಿಲ್ಲ. ಮನೆಯಲ್ಲಿ ಅವನೂ ಅವನ ತಾಯಿ ನಿಂಗವ್ವನೂ ಇಬ್ಬರೇ. ಕಾರ್ಖಾನೆಯ ಪರ್ಸನೆಲ್ ಮ್ಯಾನೇಜರ್ ಭಾರ್ಗವ ಸಾಹೇಬರು ನಮ್ಮೂರಿಗೆ ಬಂದ ಮೊದಲ ಮಳೆಗಾಲದಲ್ಲಿ ಅವರಿಗೆ ಮೂತ್ರಕೋಶದ ಕಲ್ಲಿನ ನೋವು ಎದ್ದಿತು. ಹಳ್ಳ ತುಂಬಿ ದಾರಿ ಕಟ್ಟಿತ್ತು, ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಪ್ರೆಸ್ ಶಾಪಿನ ನೆಲದಲ್ಲಿ ಬಿದ್ದು ಹೊರಳುತ್ತಿದ್ದ ಅವರ ಮಣಿಕಟ್ಟನ್ನು ಹಿಡಿದವನು ಬೋರಲಿಂಗ. ಯಾರೂ ಹೇಳಿರಲಿಲ್ಲ. ಸಂಜೆ ಹಳ್ಳ ಇಳಿಯುವ ತನಕ ಆ ನೋವನ್ನು ಹೊಟ್ಟೆಯಲ್ಲಿಟ್ಟುಕೊಂಡು ಪ್ರೆಸ್ಸಿನ ಮುಂದೆಯೇ ನಿಂತಿದ್ದ, ಒಂದು ಬಾಗಿಲು ಒತ್ತುವುದು, ಹೋಗಿ ಕಂಬ ತಬ್ಬಿಕೊಳ್ಳುವುದು, ಮತ್ತೆ ಬಂದು ಇನ್ನೊಂದು ಒತ್ತುವುದು. ಸಾಹೇಬರು ವಾಸಿಯಾಗಿ ಬಂದ ಮೇಲೆ ಅವನಿಗೊಂದು ಸ್ವೀಟ್ ಬಾಕ್ಸು ಕೊಟ್ಟು ಬೆನ್ನು ತಟ್ಟಿದರು. ಅಷ್ಟಕ್ಕೆ ಮುಗಿಯಿತೆಂದು ಅವರು ತಿಳಿದರು. ಬೋರಲಿಂಗ ಕೇಳಲಿಲ್ಲ. ಮುಯ್ಯಿಯನ್ನು ಬಾಯಿಬಿಟ್ಟು ಕೇಳುವ ರೂಢಿ ನಮ್ಮಲ್ಲಿಲ್ಲ.

ಪ್ರೆಸ್ಸಿಗೆ ಎರಡು ಗುಂಡಿ. ಎರಡು ಕೈಯೂ ಎರಡು ಗುಂಡಿಯ ಮೇಲಿದ್ದರೆ ಮಾತ್ರ ಅದು ಕೆಳಗಿಳಿಯಬೇಕು, ಕೈ ಒಳಗೆ ಸಿಕ್ಕಬಾರದೆಂದು ಮಾಡಿದ ಏರ್ಪಾಡು. ಶಿಫ್ಟಿಗೆ ಒತ್ತಬೇಕಾದ ಬಾಗಿಲುಗಳನ್ನು ಹೆಚ್ಚಿಸಿದ ಮೇಲೆ ಎಡಗಡೆಯ ಗುಂಡಿಯನ್ನು ಒಳಕ್ಕೆ ಒತ್ತಿ ತಂತಿಯಿಂದ ಬಿಗಿದುಬಿಟ್ಟರು. ಎಡಗೈ ತಗಡು ಜರುಗಿಸುತ್ತಿರಬೇಕು, ಬಲಗೈ ಗುಂಡಿ ಒತ್ತುತ್ತಿರಬೇಕು. ಕಟ್ಟಲು ಹೇಳಿದ್ದು ಯಾರೆಂದು ಆಮೇಲೆ ಕೇಳಿದಾಗ ಫೋರ್‌ಮನ್ನು ಸೂಪರ್‌ವೈಸರನ್ನು ತೋರಿಸಿದ, ಸೂಪರ್‌ವೈಸರು ಮೇಲಿನ ಮಹಡಿಯ ಕಡೆ ಕೈಮಾಡಿದ. ಮೇಲಿನವರು ಮಾತ್ರ, ಕೆಲಸಗಾರ ತನ್ನ ಸೋಮಾರಿತನಕ್ಕೆ ತಾನೇ ಕಟ್ಟಿಕೊಂಡಿದ್ದಾನೆ ಅಂದರು. ದೀಪಾವಳಿಯ ಮರುವಾರ ಬೋರಲಿಂಗನ ಎಡಗೈ ಅಚ್ಚಿನೊಳಗೆ ಉಳಿಯಿತು. ಆಸ್ಪತ್ರೆಯಲ್ಲಿ ಮುಂಗೈವರೆಗೆ ತೆಗೆದರು. ಮನೆಗೆ ಬರುವ ಹೊತ್ತಿಗೆ ಕೆಲಸದಿಂದ ತೆಗೆದ ಕಾಗದವೂ ಬಂದಿತ್ತು. ಅವತ್ತೇ ಮಧ್ಯಾಹ್ನ ನಾವು ಮೆಷಿನ್ನು ನಿಲ್ಲಿಸಿ ಹೊರಗೆ ಬಂದೆವು.

ಕೈ ಇಲ್ಲದಿದ್ದರೂ ಕೈಯ ನೋವು ಇತ್ತು. ಇಲ್ಲದ ಬೆರಳುಗಳನ್ನು ಯಾರೋ ಒಂದೊಂದಾಗಿ ಮಡಿಸಿ ಮುರಿಯುತ್ತಿರುವ ಹಾಗೆ. ಕೇರಿಯವರೆಲ್ಲ ಸರದಿಯ ಮೇಲೆ ಹೊತ್ತೆವು. ನನ್ನ ಸರದಿ ಬಂದ ದಿನ ನಾನು ಹಟ್ಟಿಯ ಹಿಂದೆ ಹೋಗಿ ಮಣ್ಣು ಕಚ್ಚಿದ್ದೆ. ಉಳಿದ ದಿನಗಳೆಲ್ಲ ನಿಂಗವ್ವನದು. ಆಕೆ ಮಗನ ನೋವನ್ನು ಎಡಗೈಯಲ್ಲಿಟ್ಟುಕೊಂಡು ಬಲಗೈಯಲ್ಲಿ ಮುದ್ದೆ ತಿರುವುತ್ತಿದ್ದಳು.

ಯೂನಿಯನ್ನಿನ ಮುಖಂಡ ಹೊಂಬಾಳಯ್ಯ. ತಲೆ ಹಣ್ಣಾದ ಮನುಷ್ಯ, ಮೊದಲ ಪ್ರೆಸ್ಸು ಕೂರಿಸಿದಾಗಿನಿಂದ ಇದ್ದವನು. ನಮ್ಮ ಬೇಡಿಕೆಗಳು ಮೊದಲು ಮೂರಿದ್ದವು: ಬೋರಲಿಂಗನಿಗೆ ಕೆಲಸ ಕೊಡಬೇಕು, ಗುಂಡಿಗಳ ತಂತಿ ಬಿಚ್ಚಬೇಕು, ಸಂಬಳ ಏರಿಸಬೇಕು. ನಾಲ್ಕನೆಯದು ಕಣದಲ್ಲಿ ಹುಟ್ಟಿತು. ಸಾಹೇಬರ ಮೇಲೆ ಬೋರಲಿಂಗನದು ಒಂದು ದಿನದ ಮುಯ್ಯಿ ಇದೆಯಲ್ಲ, ಅದನ್ನು ಅವರು ತೀರಿಸಲಿ ಎಂದು ಯಾರೋ ಅಂದರು. ಎಲ್ಲರೂ ಹೌದು ಹೌದು ಅಂದೆವು. ಬೇಡಿಕೆಯನ್ನು ನೋಡಿ ಕಂಪನಿಯವರು ಎರಡು ವಾರ ಉತ್ತರವನ್ನೇ ಕೊಡಲಿಲ್ಲ. ಲಾರಿಗಳು ಬಂದು ನಿಂತ ಮೇಲೆ ಒಂದು ಸಂಜೆ ಹೊಂಬಾಳಯ್ಯನನ್ನು ಕರೆಸಿದರು.

ಅವನು ತಿರುಗಿ ಬಂದಾಗ ನಾವು ರಾಗಿ ಗುಡ್ಡೆ ಮಾಡಿ ಸುತ್ತ ಕೂತಿದ್ದೆವು. ಬೋರಲಿಂಗನಿಗೆ ವಾಚ್‌ಮನ್ ಕೆಲಸ ಕೊಡಲು ಒಪ್ಪಿದ್ದಾರೆ ಅಂದ. ಉಳಿದದ್ದರಲ್ಲಿ ಎರಡು ದಾರಿ ಇಟ್ಟಿದ್ದಾರೆ. ಸಂಬಳ ಏರಿಸಿ ತಂತಿ ಬಿಚ್ಚಿಸುತ್ತಾರೆ, ಮುಯ್ಯಿಯ ಮಾತು ಬಿಡಬೇಕು. ಇಲ್ಲವೆಂದರೆ ಭಾರ್ಗವ ಸಾಹೇಬರು ಬಂದು ಒಂದು ದಿನದ ನೋವು ಹೊರುತ್ತಾರೆ, ಆಗ ಸಂಬಳ ಮತ್ತು ತಂತಿಯ ಮಾತು ಬಿಡಬೇಕು.

ಬೇರೆ ಯಾವ ಊರಿನವರಾದರೂ ಮೊದಲನೆಯದನ್ನು ಹಿಡಿಯುತ್ತಿದ್ದರು. ನಾವು ಹಿಡಿಯಲಿಲ್ಲ. ಹೊಂಬಾಳಯ್ಯ ಕೈಯಲ್ಲಿ ರಾಗಿ ಹಿಡಿದು ಊದಿ, ನಿಧಾನವಾಗಿ ಹೇಳಿದ. "ತಂತಿ ಇವತ್ತು ಬಿಚ್ತಾರೆ ಕಣ್ರಪ್ಪ, ನಾವು ಒಳಗೋದ ತಿಂಗಳಿಗೆ ತಿರುಗ ಕಟ್ತಾರೆ. ಕಾಯೋಕೆ ಯಾರವ್ನೆ? ಆದ್ರೆ ಆ ನೋವ ಒಂದು ದಿನ ಹೊತ್ತೋನು ಇದ್ದಾನಲ್ಲ, ಅವ್ನು ಜಲ್ಮದಲ್ಲಿ ಇನ್ನೊಂದು ಗುಂಡಿಗೆ ತಂತಿ ಸುತ್ತಿಸೋಕಿಲ್ಲ. ನಾವು ಕೇಳೋದೂ ಬೇಡ. ಅವ್ನೇ ಬಂದು ಬಿಚ್ತಾನೆ."

ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನಾವೆಲ್ಲ ಆ ನೋವನ್ನು ಹೊತ್ತವರೇ ಆಗಿದ್ದೆವು. ಅದನ್ನು ಹೊತ್ತ ಮೇಲೂ ಒಬ್ಬ ಮನುಷ್ಯ ಮೊದಲಿನ ಹಾಗೆಯೇ ಉಳಿಯುತ್ತಾನೆಂದು ನಂಬುವುದು ನಮ್ಮಿಂದ ಆಗುತ್ತಿರಲಿಲ್ಲ. ಬೋರಲಿಂಗ ಒಬ್ಬನೇ, ಬೇಡ, ಸಂಬಳ ತಗೊಳ್ಳಿ ಅಂದ. ತನ್ನ ಸಂಕೋಚಕ್ಕೆ ಹೇಳುತ್ತಿದ್ದಾನೆಂದು ಅವನ ಮಾತನ್ನು ನಾವು ತಳ್ಳಿಹಾಕಿದೆವು.

ಸಾಹೇಬರು ಬಂದದ್ದು ನಮ್ಮ ಕಣದಲ್ಲಿ ಕೊನೆಯ ಒಕ್ಕಣೆಯ ದಿನ. ಹೊಂಗೆ ಮರದ ಕೆಳಗೆ ಬೋರಲಿಂಗನ ಮಂಚ ತಂದು ಹಾಕಿದ್ದೆವು, ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ. ಕೇರಿಯ ಹೆಂಗಸರು ಗಂಡಸರೆಲ್ಲ ಸುತ್ತ ನೆರೆದಿದ್ದರು. ಬಿಳಿ ಅಂಗಿ ತೊಟ್ಟಿದ್ದ ಸಾಹೇಬರು ಕೈಗಡಿಯಾರ ಬಿಚ್ಚಿ ಡ್ರೈವರನ ಕೈಗೆ ಕೊಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಬೋರಲಿಂಗನ ಬಲಗೈಯ ಮಣಿಕಟ್ಟು ಹಿಡಿದರು. "ನನಗಿರಲಿ" ಅಂದರು. ಯಾರೋ ಹೇಳಿಕೊಟ್ಟಿದ್ದಿರಬೇಕು, ಸ್ವರ ಸರಿಯಾಗಿತ್ತು. ಒಂದು ಗಳಿಗೆಯ ಮೇಲೆ ಎಡಗೈಯನ್ನು ಎದೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ, ಹಲ್ಲು ಕಚ್ಚಿ ನರಳಿದರು. ಹೆಂಗಸರು ಲೊಚಗುಟ್ಟಿದರು. ಬೋರಲಿಂಗನ ಮುಖ ಸಡಿಲವಾಯಿತು. ಎಷ್ಟೋ ವಾರಗಳ ಮೇಲೆ ಅವನು ಹಗಲಲ್ಲಿ ಎಲ್ಲರೆದುರು ನಕ್ಕಿದ್ದು ಅವತ್ತೇ. ಗಂಡಸರು ಎತ್ತುಗಳನ್ನು ಮತ್ತೆ ಕಟ್ಟಿದರು. ಗುಂಡು ತಿರುಗತೊಡಗಿತು.

ನಾನು ಮಂಚದ ಕಾಲ್ದೆಸೆಯಲ್ಲಿ ಕೂತಿದ್ದೆ. ಕಂಬಳಿಯ ತುದಿಯಿಂದ ಬೋರಲಿಂಗನ ಪಾದ ಹೊರಗೆ ಬಂದಿತ್ತು. ಮುಖದಲ್ಲಿ ನಗು ಇತ್ತು, ಕಾಲಿನ ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಂಡು ಹಗ್ಗದ ಗಂಟಿನ ಹಾಗೆ ಬಿಗಿದುಕೊಂಡಿದ್ದವು. ಚಳಿಯಿರಬೇಕು ಅಂದುಕೊಂಡು ಕಂಬಳಿ ಎಳೆದು ಮುಚ್ಚಿದೆ. ಕಂಬಳಿಯ ಕೆಳಗೂ ಅವು ಬಿಗಿಯುತ್ತಲೇ ಇದ್ದವು. ಬಿಸಿಲೇರಿದ ಮೇಲೆ ನೀರು ಕುಡಿಸುವ ನೆಪದಲ್ಲಿ ತಲೆಯ ಕಡೆಗೆ ಹೋಗಿ, ಚೊಂಬು ಬಾಯಿಗಿಟ್ಟು, ಬಲಗೈಯ ಮಣಿಕಟ್ಟು ಹಿಡಿದು ತುಟಿಯಲ್ಲೇ 'ನನಗಿರಲಿ' ಅಂದೆ. ಸಾಹೇಬರ ಹತ್ತಿರ ಇರಬೇಕಾಗಿದ್ದ ನೋವು ನನ್ನ ಎಡಗೈಯ ಬೆರಳಿನಿಂದ ಮೊಣಕೈಗೆ ಸರ್ರನೆ ಏರಿತು. ಚೊಂಬು ಅಲುಗಿ ನೀರು ಅವನ ಎದೆಯ ಮೇಲೆ ಚೆಲ್ಲಿತು. ಹಿಡಿತ ಬಿಗಿಯಾಗುವುದರೊಳಗೆ ಅವನು ಕೈ ಕಿತ್ತುಕೊಂಡ, ನೋವೂ ಅವನ ಹಿಂದೆಯೇ ಹೋಯಿತು.

"ಬುಡು ಚೆನ್ನಿಗ" ಅಂದ, ಮೆಲ್ಲಗೆ. "ನಿನ್ನ ಮುಖದಲ್ಲಿ ಮುಚ್ಚಿಡೋಕೆ ಆಗಕಿಲ್ಲ. ಲಾರಿ ನಿಂತವೆ ನೋಡು."

ತೆಗೆದುಕೊಳ್ಳುವ ಮನಸ್ಸಿಲ್ಲದೆ 'ನನಗಿರಲಿ' ಎಂಬ ಮಾತನ್ನು ಆಡಿದವರನ್ನು ನಾವು ಅಲ್ಲಿಯತನಕ ಕಂಡಿರಲಿಲ್ಲ. ಆಡಿದರೆ ಏನಾಗುತ್ತದೆಂದು ಕೇಳಿದವರೂ ಇರಲಿಲ್ಲ. ಏನೂ ಆಗುವುದಿಲ್ಲವೆಂದು ಅವತ್ತು ಗೊತ್ತಾಯಿತು. ನಾನು ಎದ್ದು ನಿಂತೆ. ಕಣದಲ್ಲಿ ಹೊಂಬಾಳಯ್ಯ ಮೊರ ಎತ್ತಿ ಹಿಡಿದು ಗಾಳಿಗೆ ಕಾಯುತ್ತಿದ್ದ. ಅವನನ್ನು ಕೂಗಿ ಹೇಳಿದ್ದರೆ ಸಾಹೇಬರು ಎದ್ದು ಕಾರು ಹತ್ತುತ್ತಿದ್ದರು, ಸಂಜೆಯೊಳಗೆ ಅಚ್ಚುಗಳು ಲಾರಿ ಹತ್ತುತ್ತಿದ್ದವು. ಬೋರಲಿಂಗ ಕಣ್ಣು ಮುಚ್ಚಿಕೊಂಡು ನಗುತ್ತಿದ್ದ. ನಾನು ತಿರುಗಿ ಅವನ ಕಾಲ್ದೆಸೆಯಲ್ಲೇ ಕೂತು ಕಂಬಳಿಯನ್ನು ಸರಿಯಾಗಿ ಹೊದಿಸಿದೆ.

ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಬೆವೆತಿದ್ದರು. ಬಿಸಿಲಿಗೋ, ನರಳಿ ನರಳಿ ದಣಿದೋ ಹೇಳಲಾರೆ. ನಿಂಗವ್ವ ಬೆಳಗಿನಿಂದ ಅವರನ್ನೇ ನೋಡುತ್ತಿದ್ದಳು. ಆ ನೋವು ಏನೆಂದು ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮರುಕ ಬಂದಿರಬೇಕು. ಹೊತ್ತವನು ಊಟ ಮಾಡುವಷ್ಟು ಹೊತ್ತು ಇನ್ನೊಬ್ಬರು ಅವನಿಂದ ತೆಗೆದುಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಆಕೆ ಎಲೆ ಹಾಕಿಸಿ, ಮುದ್ದೆ, ಹಿತಕಬೇಳೆ ಸಾರು ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿಯ ಪಕ್ಕ ಬಂದಳು.

"ಎರಡು ತುತ್ತು ಉಣ್ಣಿ ಸಾಮಿ. ಅಷ್ಟೊತ್ತು ನಾನು ಹೊರ್ತೀನಿ, ನನಗಿರಲಿ" ಎಂದು ಅವರ ಮಣಿಕಟ್ಟು ಹಿಡಿದಳು.

ಹಿಡಿದವಳು ಹಾಗೆಯೇ ನಿಂತಳು. ಸಾಹೇಬರು ನರಳುವುದನ್ನು ನಿಲ್ಲಿಸಿ ಆಕೆಯ ಮುಖ ನೋಡಿದರು. ಆಕೆ ಅವರ ಕೈ ನೋಡಿದಳು, ಆಮೇಲೆ ಮಂಚದ ಮೇಲಿದ್ದ ಮಗನನ್ನು ನೋಡಿದಳು. ಬೋರಲಿಂಗ ಕಣ್ಣು ತೆರೆದಿದ್ದ. ತಲೆಯನ್ನು ಒಂದು ಎಳ್ಳಿನಷ್ಟು ಅಡ್ಡಕ್ಕೆ ಆಡಿಸಿದ. ಸುತ್ತ ನಿಂತವರಲ್ಲಿ ಯಾರೋ, ಯಾಕವ್ವ, ಬರಲಿಲ್ವಾ ಎಂದು ಕೇಳಿದರು.

ನಿಂಗವ್ವ ಮೊಣಕಾಲು ಮಡಿಸಿದಳು. ಎಡಗೈಯನ್ನು ಹೊಟ್ಟೆಗೆ ಅವುಚಿಕೊಂಡು ನೆಲದ ಮೇಲೆ ಕೂತು, ನನ್ನಪ್ಪಾ ಎಂದು ನರಳಿದಳು. ಈಚಿನ ದಿನಗಳಲ್ಲಿ ಎಷ್ಟೋ ಸಲ ಆ ನೋವನ್ನು ಹೊತ್ತಿದ್ದರಿಂದ ಆಕೆಗೆ ಹೇಳಿಕೊಡುವವರು ಬೇಕಿರಲಿಲ್ಲ. ಬೆರಳುಗಳು ಹೇಗೆ ಸೆಟೆಯುತ್ತವೆ, ಉಸಿರು ಎಲ್ಲಿ ಕಟ್ಟುತ್ತದೆ, ಎಲ್ಲ ಸರಿಯಾಗಿತ್ತು. ಸಾಹೇಬರೇ ಬೆಚ್ಚಿ ಒಂದು ಗಳಿಗೆ ತಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ತಮ್ಮಲ್ಲಿ ಏನಾದರೂ ಇದ್ದು ಹೋಯಿತೇನೋ ಎಂಬ ಹಾಗೆ. ಆಮೇಲೆ ಅವರಿಗೆ ಅರ್ಥವಾಯಿತು. ತಲೆ ತಗ್ಗಿಸಿ ಊಟ ಮಾಡಿದರು. ಮುದ್ದೆ ನುಂಗಲು ಬರದೆ ಕಡಿದು ತಿಂದರು. ಎಲೆಯಿಂದ ಎದ್ದು ಕೈ ಒರೆಸಿಕೊಂಡು, ಕೊಡಿ ಅಜ್ಜಿ ಎಂದು ಕೈ ಚಾಚಿದಾಗ ನಿಂಗವ್ವ ಕೊಡಲಿಲ್ಲ. ಹೊತ್ತು ಮುಳುಗುವ ತನಕ ತನ್ನ ಹತ್ತಿರವೇ ಇರಲಿ, ನಿಮ್ಮ ಮೈಗೆ ಇದು ಅಭ್ಯಾಸವಿಲ್ಲ ಅಂದಳು. ನೆರೆದವರು ಆಕೆಯ ದೊಡ್ಡತನವನ್ನು ಕೊಂಡಾಡಿದರು.

ಆ ಮಧ್ಯಾಹ್ನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೋವಿಲ್ಲದ ತಾಯಿ ನೆಲದಲ್ಲಿ ಹೊರಳುತ್ತಿದ್ದಳು. ನೋವಿದ್ದ ಮಗ ಮೂರು ಮಾರು ಆಚೆ ಮಂಚದ ಮೇಲೆ ನಗುಮುಖದಲ್ಲಿ ಮಲಗಿದ್ದ. ಆಕೆ ಅವನ ಕಡೆಗೆ ಕೈ ಚಾಚುವಂತಿರಲಿಲ್ಲ, ಚಾಚಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಎತ್ತುಗಳು ಸುತ್ತುತ್ತಿದ್ದವು. ಸಾಹೇಬರು ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಫೋನು ನೋಡುತ್ತಿದ್ದರು, ಒಂದೆರಡು ಸಲ ಹೊತ್ತು ಎಷ್ಟಿದೆಯೆಂದು ಆಕಾಶ ನೋಡಿದರು. ಸುಳ್ಳು ನರಳಿಕೆಯೆಂದು ಗೊತ್ತಿದ್ದ ನನಗೆ ಹೊತ್ತು ಇಳಿಯುತ್ತ ಬಂದಂತೆ ಅದು ಸುಳ್ಳೆಂದು ಅನ್ನಿಸದೆ ಹೋಯಿತು. ಆಕೆಯ ಕಣ್ಣಲ್ಲಿ ನೀರು ಬರುತ್ತಿತ್ತು, ಅದನ್ನು ಯಾರಿಂದಲೂ ಹೇಳಿ ತರಿಸಲಾಗುವುದಿಲ್ಲ.

ಹೊತ್ತು ಮುಳುಗಿತು. ಹೊಂಬಾಳಯ್ಯ ಚೊಂಬಿನಲ್ಲಿ ನೀರು ತಂದು ಬೋರಲಿಂಗನ ಕೈಗೆ ಕೊಟ್ಟ. ಅವನು ಎದ್ದು ಕೂತ. ಉಳಿದಿದ್ದ ಒಂದು ಕೈಯಲ್ಲಿ ಚೊಂಬು ಬಗ್ಗಿಸಿ ಸಾಹೇಬರ ಕೈಮೇಲೆ ನೀರು ಹಾಕಿದ. ನೀರು ಅವರ ಪ್ಯಾಂಟಿನ ಮೇಲೂ ಬಿತ್ತು. "ತೀರ್ತು ಸಾಮಿ" ಅಂದ. ಎಲ್ಲರೂ ಉಸಿರು ಬಿಟ್ಟರು. ಹೆಂಗಸರು ತಮ್ಮ ಗಂಡಂದಿರ ಮುಖ ನೋಡಿದರು, ನಾಳೆ ಕೆಲಸಕ್ಕೆ ಹೋಗಬಹುದು.

ಸಾಹೇಬರು ಕಾರಿನ ಕಡೆಗೆ ಹೊರಟಿದ್ದರು. ನಿಂಗವ್ವ ನೆಲದಿಂದ ಎದ್ದು ಸೀರೆಗೆ ಹತ್ತಿದ್ದ ಹೊಟ್ಟು ಕೊಡವಿಕೊಂಡು ಅವರನ್ನು ಕರೆದಳು. ದನಿ ದೊಡ್ಡದಾಗಿರಲಿಲ್ಲ. ಆದರೆ ಗುಂಡು ನಿಂತಿತ್ತು, ಎಲ್ಲರಿಗೂ ಕೇಳಿಸಿತು.

"ನನ್ನ ಮಗಂದು ತೀರ್ತು ಸಾಮಿ. ನಂದು ಉಳೀತು. ನಿಮ್ಮ ನೋವ ಅರ್ಧ ದಿನ ನಾನು ಹೊತ್ತಿವ್ನಿ. ಇವರೆಲ್ಲ ನೋಡವ್ರೆ. ಬರಬೇಕು ನೀವು."

ಅವರು ಬಾಯಿ ತೆರೆದರು. ನಿಮಗೆ ಏನೂ ಬರಲಿಲ್ಲ, ನನ್ನಲ್ಲಿ ಏನೂ ಇರಲಿಲ್ಲ ಎಂದು ಹೇಳಬಹುದಾಗಿದ್ದವರು ಅವರೊಬ್ಬರೇ. ಹೇಳಿದರೆ ಚೊಂಬಿನ ನೀರು ಸುಳ್ಳಾಗುತ್ತಿತ್ತು. ಸುತ್ತಲಿದ್ದ ನೀಲಿ ಅಂಗಿಗಳನ್ನೆಲ್ಲ ಒಮ್ಮೆ ನೋಡಿ, "ಆಗಲಿ ಅಜ್ಜಿ, ಯಾವಾಗ ಬೇಕಾದರೂ ಹೇಳಿಕಳಿಸಿ" ಎಂದು ಕಾರು ಹತ್ತಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಿಂಗವ್ವ ಮಂಚದ ಹತ್ತಿರ ಹೋಗಿ ಮಗನ ಮಣಿಕಟ್ಟು ಹಿಡಿದಳು. ಈ ಸಲ ಆಕೆಯ ಬಾಯಿಂದ ಯಾವ ದನಿಯೂ ಹೊರಡಲಿಲ್ಲ. ಬೋರಲಿಂಗ ಮಾತ್ರ ಕೂತಲ್ಲೇ ನಿದ್ದೆ ಹೋದ.

ಮರುದಿನ ಸೈರನ್ನು ಕೂಗಿತು. ಲಾರಿಗಳು ಖಾಲಿಯೇ ಹೋದವು. ನಾವು ಒಳಗೆ ಹೋದಾಗ ಎಡಗಡೆಯ ಗುಂಡಿಗಳ ಮೇಲೆ ತಂತಿ ಹಾಗೆಯೇ ಇತ್ತು. ಇವತ್ತು ಬಿಚ್ಚಿಸುತ್ತಾರೆ, ನಾಳೆ ಬಿಚ್ಚಿಸುತ್ತಾರೆ ಎಂದು ಹೊಂಬಾಳಯ್ಯ ಕಾದ. ಮೇಲಿನ ಮಹಡಿಯ ಕಿಟಕಿಯ ಕಡೆ ಆಗಾಗ ನೋಡುತ್ತಿದ್ದ. ಬೇಸಗೆ ಬರುವ ಹೊತ್ತಿಗೆ ನೋಡುವುದನ್ನು ಬಿಟ್ಟ. ಸಾಹೇಬರು ನೋವು ಹೊರಲೇ ಇಲ್ಲವೆಂದು ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಯಾರೂ ಹೇಳಿರಲಿಕ್ಕಿಲ್ಲ. ತುಕ್ಕು ಹಿಡಿದ ಹಳೆ ತಂತಿ ಬಿಚ್ಚಿ ಹೊಸದು ಸುತ್ತುತ್ತಿದ್ದಾಗ ಅವನು ನೋಡಿದ, ಅಷ್ಟೇ. ಬೋರಲಿಂಗನ ಪ್ರೆಸ್ಸನ್ನು ಈಗ ನನಗೆ ಕೊಟ್ಟಿದ್ದಾರೆ.

ಬೋರಲಿಂಗ ಗೇಟಿನಲ್ಲಿ ನಿಂತು ಕಾರುಗಳಿಗೆ ಬಲಗೈಯಲ್ಲಿ ಸಲಾಮು ಮಾಡುತ್ತಾನೆ. ಅವನ ತಾಯಿ ಚಪ್ಪರದ ಬೆಂಚಿನ ಮೇಲೆ ಕೂರುವುದನ್ನು ಬಿಟ್ಟಿದ್ದಾಳೆ. ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಬಂದು ಗೇಟಿನ ಮುಂದೆ ದಾರಿಯ ಬದಿಗೆ ನಿಲ್ಲುತ್ತಾಳೆ. ಭಾರ್ಗವ ಸಾಹೇಬರ ಕಾರು ಬಂದಾಗ ಬಲಗೈಯ ಸೆರಗು ಸರಿಸಿ ಮಣಿಕಟ್ಟನ್ನು ಮುಂದೆ ಚಾಚುತ್ತಾಳೆ. ಬಾಯಲ್ಲಿ ಏನೂ ಕೇಳುವುದಿಲ್ಲ. ಡ್ರೈವರು ಹಾರನ್ ಹೊಡೆಯುತ್ತಾನೆ, ಕಾರಿನ ಗಾಜು ಇಳಿಯುವುದಿಲ್ಲ, ಮಗ ಸಲಾಮು ಮಾಡಿ ಗೇಟು ಮುಚ್ಚುತ್ತಾನೆ. ನಾವು ಪಕ್ಕದ ಚಿಕ್ಕ ಬಾಗಿಲಿನಿಂದ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತೇವೆ.

ಮೊನ್ನೆ ಮೊದಲ ಮಳೆ ಬಿದ್ದ ಬೆಳಿಗ್ಗೆ ಆಕೆಯ ಕಾಲು ಮಂಡಿ ಊದಿಕೊಂಡಿತ್ತು, ಗೋಡೆ ಹಿಡಿದು ನಿಂತಿದ್ದಳು. ನನಗೆ ಸುಮ್ಮನೆ ದಾಟಿ ಹೋಗಲು ಆಗಲಿಲ್ಲ. ಹತ್ತಿರ ಹೋಗಿ, ಮಂಡಿನೋವನ್ನಾದರೂ ಕೊಡವ್ವ, ನನಗಿರಲಿ ಎಂದು ಚಾಚಿದ ಆ ಮಣಿಕಟ್ಟನ್ನು ಹಿಡಿಯಹೋದೆ. ಆಕೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬೈಯಲಿಲ್ಲ. ನನ್ನ ಅಂಗಿಯ ತೋಳಿಗೆ ಹತ್ತಿದ್ದ ಮಳೆಹನಿಯನ್ನು ಒರೆಸಿ, "ನಿನ್ನ ಮೇಲೆ ನಂದೇನೂ ಇಲ್ಲ ಕಣಪ್ಪ" ಅಂದಳು. "ಕೊಡಬೇಕಾದೋನು ಕಾರಲ್ಲಿ ಬತ್ತಾನೆ. ನೀನು ನಡಿ, ಸೈರನ್ ಆಯ್ತು. ಎಡಗೈ ನೋಡ್ಕೊಂಡು ಇಕ್ಕು."